ಚೀಟಿ ಬರೆಯುವ ಮುನ್ನ: ಪಶುವೈದ್ಯರು ವೈಜ್ಞಾನಿಕ ಪುರಾವೆಯನ್ನು ಬಳಸುವ ಬಗೆ

ನಾಲ್ಕು ವರ್ಷದ ನಾಯಿ, ನಿನ್ನೆಯಿಂದ ಭೇದಿ. ಜ್ವರವಿಲ್ಲ, ನೀರು ಕುಡಿಯುತ್ತಿದೆ, ಪರೀಕ್ಷಾ ಮೇಜಿನ ಮೇಲೆ ನಿಂತೇ ಬಾಲ ಅಲ್ಲಾಡಿಸುತ್ತಿದೆ. ಕೈ ತನ್ನಷ್ಟಕ್ಕೆ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಬರೆದುಬಿಡುತ್ತದೆ. ಮೂರ್ನಾಲ್ಕು ದಿನದಲ್ಲಿ ನಾಯಿ ಸರಿಹೋಗುತ್ತದೆ, ಮಾಲೀಕರಿಗೂ ಸಮಾಧಾನ. ಮುಂದಿನ ನಾಯಿಗೂ ಅದೇ ಮಾತ್ರೆ. ಮಾತ್ರೆಯಿಲ್ಲದೆಯೂ ಅದು ಅಷ್ಟೇ ದಿನದಲ್ಲಿ ಚೇತರಿಸಿಕೊಳ್ಳುತ್ತಿತ್ತೇ ಎಂಬ ಪ್ರಶ್ನೆ ಮಾತ್ರ ಏಳುವುದೇ ಇಲ್ಲ, ಏಕೆಂದರೆ ಮಾತ್ರೆ ಕೊಡದೆ ಬಿಟ್ಟ ನಾಯಿ ನಮ್ಮ ಕಣ್ಣೆದುರಿಗಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಕ್ಲಿನಿಕ್ಕಿನ ಅನುಭವದಲ್ಲಿ ಇಂಥ ಕಾಗೆಗಳು ಬಹಳ.

ಪುರಾವೆ ಆಧಾರಿತ ಪಶುವೈದ್ಯಕೀಯ ಹುಟ್ಟಿದ್ದು ಈ ತೊಡಕಿನಿಂದ. ಕ್ರಮದಲ್ಲಿ ಐದು ಹೆಜ್ಜೆಗಳಿವೆ: ಪ್ರಶ್ನೆ ಕಟ್ಟುವುದು, ಪುರಾವೆ ಹುಡುಕುವುದು, ಅದನ್ನು ತೂಗಿ ನೋಡುವುದು, ಎದುರಿನ ಪ್ರಾಣಿಗೆ ಅನ್ವಯಿಸುವುದು, ಫಲ ಏನಾಯಿತೆಂದು ಲೆಕ್ಕ ಇಡುವುದು. ಮೊದಲ ಎರಡನ್ನು ಒಂದು ವಾರದಲ್ಲಿ ಕಲಿಯಬಹುದು. ಮೂರನೆಯದರಲ್ಲಿ ಹೆಚ್ಚಿನವರು ಎಡವುತ್ತಾರೆ, ಐದನೆಯದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಪುರಾವೆ ನಿರ್ಧಾರವನ್ನು ತಾನೇ ತೆಗೆದುಕೊಡುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಎಷ್ಟರಮಟ್ಟಿಗೆ ನಂಬಬಹುದು ಎಂದಷ್ಟೇ ಅದು ಹೇಳುತ್ತದೆ. ಆ ನಂಬಿಕೆಯ ಮಟ್ಟಕ್ಕೂ ಚಿಕಿತ್ಸೆಯ ಅಪಾಯಕ್ಕೂ ತಾಳೆ ಹಾಕುವ ಕೆಲಸ ವೈದ್ಯರದು.

ಹೆಜ್ಜೆ 1: ಉತ್ತರ ಸಿಗುವಂಥ ಪ್ರಶ್ನೆ

"ಭೇದಿಗೆ ಮೆಟ್ರೊನಿಡಜೋಲ್ ಒಳ್ಳೆಯದೇ?" ಎಂದು ಹುಡುಕಲು ಹೊರಟರೆ ಸಾವಿರ ಲೇಖನ ಬರುತ್ತವೆ, ಉತ್ತರ ಬರುವುದಿಲ್ಲ. ಪ್ರಶ್ನೆಯನ್ನು ನಾಲ್ಕು ತುಂಡು ಮಾಡಿ: ಯಾವ ಪ್ರಾಣಿ, ಏನು ಮಾಡುತ್ತೇವೆ, ಯಾವುದಕ್ಕೆ ಹೋಲಿಸುತ್ತೇವೆ, ಯಾವ ಫಲವನ್ನು ಅಳೆಯುತ್ತೇವೆ. ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಇದಕ್ಕೆ ಪಿಕೊ (PICO) ಎನ್ನುತ್ತಾರೆ. ಮೇಲಿನ ನಾಯಿಗೆ ಪ್ರಶ್ನೆ ಹೀಗಾಗುತ್ತದೆ: ಮೈಯಲ್ಲಿ ಬೇರೆ ತೊಂದರೆಯಿಲ್ಲದ, ಹಠಾತ್ ಭೇದಿ ಬಂದ ವಯಸ್ಕ ನಾಯಿಯಲ್ಲಿ, ಮೆಟ್ರೊನಿಡಜೋಲ್ ಕೊಟ್ಟರೆ, ಹುಸಿಮಾತ್ರೆ (ಔಷಧವಿಲ್ಲದ ಮಾತ್ರೆ) ಅಥವಾ ಬರೀ ಆಹಾರ ಬದಲಾವಣೆಗೆ ಹೋಲಿಸಿದಾಗ, ಮಲ ಗಟ್ಟಿಯಾಗಲು ಹಿಡಿಯುವ ದಿನ ಕಡಿಮೆಯಾಗುತ್ತದೆಯೇ?

ಇಲ್ಲಿ ಜಾರುವ ಜಾಗ ಎರಡು. ಒಂದು, ಹೋಲಿಕೆಯನ್ನು ಬಿಟ್ಟುಬಿಡುವುದು. "ಕೊಟ್ಟರೆ ಗುಣವಾಗುತ್ತದೆಯೇ" ಎಂದು ಕೇಳಿದರೆ ತಾನಾಗಿ ವಾಸಿಯಾಗುವ ಎಲ್ಲ ಕಾಯಿಲೆಗೂ ಉತ್ತರ "ಹೌದು" ಎಂದೇ ಬರುತ್ತದೆ. ಇನ್ನೊಂದು, ಅಳೆಯಲು ಸುಲಭ ಎಂಬ ಕಾರಣಕ್ಕೆ ಪ್ರಯೋಗಾಲಯದ ಅಂಕಿಯನ್ನು ಫಲವೆಂದು ಹಿಡಿಯುವುದು. ಮೂತ್ರಪಿಂಡದ ಕಾಯಿಲೆಯ ಬೆಕ್ಕಿನ ರಕ್ತದ ಫಾಸ್ಫರಸ್ ಇಳಿದದ್ದು ನಿಜವಿರಬಹುದು. ಬೆಕ್ಕು ಹೆಚ್ಚು ದಿನ ಬದುಕಿತೇ, ತಿಂದಿತೇ, ಚೆನ್ನಾಗಿತ್ತೇ ಎಂಬುದು ಬೇರೆಯೇ ಪ್ರಶ್ನೆ.

ದಿನಕ್ಕೆ ಹತ್ತಾರು ಸಂದೇಹ ಬರುತ್ತವೆ, ಎಲ್ಲವನ್ನೂ ಬೆನ್ನಟ್ಟಲಾಗದು. ಮೇಜಿನ ಮೇಲೊಂದು ಪುಸ್ತಕ ಇಟ್ಟು ಬಂದ ಸಂದೇಹವನ್ನು ಒಂದು ಸಾಲಿನಲ್ಲಿ ಬರೆದಿಡಿ. ವಾರದ ಕೊನೆಗೆ ಅದರಲ್ಲಿ ಒಂದನ್ನು ಆರಿಸಿ. ಪದೇ ಪದೇ ಎದುರಾಗುವ, ತಪ್ಪಿದರೆ ಪ್ರಾಣಿಗೆ ಪೆಟ್ಟಾಗುವ, ಸಹೋದ್ಯೋಗಿಗಳು ಒಬ್ಬೊಬ್ಬರು ಒಂದೊಂದು ರೀತಿ ಮಾಡುವ ವಿಷಯಕ್ಕೆ ಮೊದಲ ಸರದಿ.

ಹೆಜ್ಜೆ 2: ಎಲ್ಲಿ, ಹೇಗೆ ಹುಡುಕುವುದು

ಬೇರೆಯವರು ಆಗಲೇ ಹುಡುಕಿ ತೂಗಿಟ್ಟದ್ದು ಇದೆಯೇ ಎಂದು ಮೊದಲು ನೋಡಿ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪುರಾವೆ ಆಧಾರಿತ ಪಶುವೈದ್ಯಕೀಯ ಕೇಂದ್ರದ 'ಬೆಸ್ಟ್‌ಬೆಟ್ಸ್ ಫಾರ್ ವೆಟ್ಸ್' ಸಂಗ್ರಹದಲ್ಲಿ ಒಂದೊಂದು ಕ್ಲಿನಿಕಲ್ ಪ್ರಶ್ನೆಗೂ ಒಂದೊಂದು ಚಿಕ್ಕ ಉತ್ತರವಿದೆ. ಅದೇ ಕೇಂದ್ರದ 'ವೆಟ್‌ಎಸ್‌ರೆವ್' ಪಶುವೈದ್ಯಕೀಯ ವ್ಯವಸ್ಥಿತ ವಿಮರ್ಶೆಗಳ (ಒಂದು ಪ್ರಶ್ನೆಯ ಅಧ್ಯಯನಗಳನ್ನೆಲ್ಲ ನಿಗದಿತ ಕ್ರಮದಲ್ಲಿ ಹುಡುಕಿ ತೂಗಿದ ಬರಹಗಳ) ಪಟ್ಟಿ. ಆರ್‌ಸಿವಿಎಸ್ ನಾಲೆಡ್ಜ್ ಎಂಬ ಬ್ರಿಟನ್ನಿನ ಸಂಸ್ಥೆ ಹೊರತರುವ 'ವೆಟರ್ನರಿ ಎವಿಡೆನ್ಸ್' ಪತ್ರಿಕೆಯಲ್ಲಿ ಪಿಕೊ ಮಾದರಿಯ ಸಾರಾಂಶಗಳು ಬರುತ್ತವೆ, ಅವನ್ನು ಎಲ್ಲರೂ ಉಚಿತವಾಗಿ ಓದಬಹುದು. ಅರ್ಧದಷ್ಟು ಸಲ ಬರಿಗೈಯಲ್ಲಿ ಬರಬೇಕಾದೀತು. ಆದರೂ ಐದು ನಿಮಿಷದ ಕೆಲಸ, ಮಾಡಿಬಿಡಿ.

ಸಿಗದಿದ್ದರೆ ಮೂಲ ಅಧ್ಯಯನಗಳಿಗೆ ಹೋಗಿ. ಪಬ್‌ಮೆಡ್ ಎಂಬ ಲೇಖನ ಸೂಚಿ ಉಚಿತ, ಆದರೆ ಅದನ್ನು ಕಟ್ಟಿದ್ದು ಮನುಷ್ಯರ ವೈದ್ಯಕೀಯವನ್ನು ಮುಂದಿಟ್ಟುಕೊಂಡು. ಪಶುವೈದ್ಯ ಪತ್ರಿಕೆಗಳ ಮಟ್ಟಿಗೆ ಕ್ಯಾಬ್ ಅಬ್‌ಸ್ಟ್ರಾಕ್ಟ್ಸ್‌ನ ವ್ಯಾಪ್ತಿ ಎಷ್ಟೋ ದೊಡ್ಡದು. ಅದಕ್ಕೆ ಚಂದಾ ಬೇಕು, ಬಹುತೇಕ ಪಶುವೈದ್ಯ ಕಾಲೇಜುಗಳ ಗ್ರಂಥಾಲಯದಲ್ಲಿ ಕೇಳಿ ನೋಡಬಹುದು. ದನ, ಕುರಿ, ಕೋಳಿಯ ಪ್ರಶ್ನೆಗೆ ಪಬ್‌ಮೆಡ್ ಒಂದನ್ನೇ ನೋಡಿ "ಪುರಾವೆ ಇಲ್ಲ" ಎಂದು ಬರೆದರೆ ಅದು ನಿಮ್ಮ ಹುಡುಕಾಟದ ಕೊರತೆ.

ಹುಡುಕು ಪದಗಳನ್ನು ಪಿಕೊದ ತುಂಡುಗಳಿಂದಲೇ ಎತ್ತಿಕೊಳ್ಳಿ. ಒಂದು ತುಂಡಿನ ಸಮಾನಾರ್ಥಕಗಳ ನಡುವೆ 'ಆರ್', ತುಂಡು ತುಂಡುಗಳ ನಡುವೆ 'ಆಂಡ್'. 'ಡಾಗ್' ಎಂದಷ್ಟೇ ಹಾಕಿದರೆ 'ಕ್ಯಾನೈನ್' ಎಂದು ಬರೆದವರ ಲೇಖನ ತಪ್ಪಿಹೋದೀತು, ಎರಡನ್ನೂ ಹಾಕಿ. ಡಯೇರಿಯಾ, ಅನೀಮಿಯಾ, ಎಡೀಮಾ, ಟ್ಯೂಮರ್ ಇಂಥ ಪದಗಳಿಗೆ ಬ್ರಿಟಿಷ್ ಕಾಗುಣಿತ ಬೇರೆ, ಅಮೆರಿಕನ್ ಕಾಗುಣಿತ ಬೇರೆ. ಪದದ ಬುಡವಷ್ಟನ್ನೇ ಬರೆದು ನಕ್ಷತ್ರ ಚಿಹ್ನೆ ಹಾಕುವುದು ಅಥವಾ ಎರಡೂ ರೂಪ ಕೊಡುವುದು ಲೇಸು. ಫಲದ ಪದವನ್ನು ಮೊದಲ ಸುತ್ತಿನಲ್ಲಿ ಸೇರಿಸಬೇಡಿ. ಲೇಖಕರು ಫಲವನ್ನು ಸಾರಾಂಶದಲ್ಲಿ ಯಾವ ಪದದಿಂದ ಕರೆದಿರುತ್ತಾರೋ ಹೇಳಲಾಗದು, ಒಳ್ಳೆಯ ಅಧ್ಯಯನವೊಂದು ಅಲ್ಲೇ ಜಾರಿಹೋಗುತ್ತದೆ. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದನ್ನು ಮುಂದೆ ಯಾರು ಉಲ್ಲೇಖಿಸಿದ್ದಾರೆ ಎಂದು ನೋಡಿ. ಕೆಲವೊಮ್ಮೆ ಅದನ್ನು ಅಲ್ಲಗಳೆದ ಅಧ್ಯಯನ ಅಲ್ಲೇ ಕೂತಿರುತ್ತದೆ.

ಹುಡುಕಿದ ದಿನಾಂಕ, ಬಳಸಿದ ಪದಗಳು, ಸಿಕ್ಕ ಲೇಖನಗಳ ಸಂಖ್ಯೆ, ಬಿಟ್ಟವನ್ನು ಏಕೆ ಬಿಟ್ಟಿರಿ — ಇಷ್ಟನ್ನೂ ಅಲ್ಲೇ ಬರೆದಿಡಿ. ಆರು ತಿಂಗಳ ನಂತರ ನಿಮಗೇ ಬೇಕಾಗುತ್ತದೆ.

ಹೆಜ್ಜೆ 3: ತೂಗಿ ನೋಡುವುದು

ಪುರಾವೆಯ ಗೋಪುರ ಎಲ್ಲರಿಗೂ ಗೊತ್ತಿರುವುದೇ: ತುದಿಯಲ್ಲಿ ವ್ಯವಸ್ಥಿತ ವಿಮರ್ಶೆ, ಕೆಳಗೆ ಚೀಟಿ ಎತ್ತಿದಂತೆ ಗುಂಪು ಹಂಚುವ ರ‍್ಯಾಂಡಮೈಸ್ಡ್ ಪ್ರಯೋಗ, ಆಮೇಲೆ ಕೊಹಾರ್ಟ್ (ಒಂದು ಗುಂಪನ್ನು ಕಾಲಕ್ರಮದಲ್ಲಿ ಹಿಂಬಾಲಿಸುವುದು), ಕೇಸ್-ಕಂಟ್ರೋಲ್ (ಕಾಯಿಲೆ ಬಂದವನ್ನು ಬಾರದವುಗಳಿಗೆ ಹೋಲಿಸುವುದು), ಕೇಸ್ ಸರಣಿ (ಹೋಲಿಕೆಯ ಗುಂಪಿಲ್ಲದ ಪ್ರಕರಣಗಳ ವರದಿ), ಬುಡದಲ್ಲಿ ತಜ್ಞರ ಅಭಿಪ್ರಾಯ. ಈ ಗೋಪುರ ಚಿಕಿತ್ಸೆಯ ಪ್ರಶ್ನೆಗೆ ಮಾತ್ರ ಸರಿ. "ಈ ಕಾಯಿಲೆಯ ಪ್ರಾಣಿ ಎಷ್ಟು ದಿನ ಬದುಕೀತು" ಎಂಬ ಪ್ರಶ್ನೆಗೆ ಒಳ್ಳೆಯ ಕೊಹಾರ್ಟ್ ಬೇಕು. ರೋಗಪತ್ತೆಯ ಪ್ರಶ್ನೆಗೆ, ಕಾಯಿಲೆಯ ಅನುಮಾನವಿರುವ ಪ್ರಾಣಿಗಳ ಸಾಲಿನಲ್ಲಿ ಹೊಸ ಪರೀಕ್ಷೆಯನ್ನು ನಂಬಿಕಸ್ತ ಪರೀಕ್ಷೆಯ ಪಕ್ಕಕ್ಕಿಟ್ಟು ನೋಡಿದ ಅಧ್ಯಯನ ಬೇಕು. ಇನ್ನು, ಹೆಸರಿನಲ್ಲಿ 'ವಿಮರ್ಶೆ' ಇದ್ದ ಮಾತ್ರಕ್ಕೆ ಅದು ತುದಿಗೆ ಏರುವುದಿಲ್ಲ. ಹೇಗೆ ಹುಡುಕಿದರು, ಯಾವುದನ್ನು ಬಿಟ್ಟರು ಎಂದು ಹೇಳದ ವಿಮರ್ಶೆ ಒಬ್ಬರ ಅಭಿಪ್ರಾಯವೇ, ಅಡಿಟಿಪ್ಪಣಿ ಎಷ್ಟಿದ್ದರೂ.

ಈಗ ನಮ್ಮ ನಾಯಿಗೆ ಬರೋಣ. ಹಠಾತ್ ಭೇದಿಗೆ ಮೆಟ್ರೊನಿಡಜೋಲ್ ಕೊಟ್ಟ, ಹುಸಿಮಾತ್ರೆಯ ಗುಂಪೂ ಇದ್ದ ಎರಡು ಪ್ರಯೋಗಗಳನ್ನು ಎದುರುಬದುರು ಇಡೋಣ. 2019ರದ್ದರಲ್ಲಿ 60 ನಾಯಿಗಳು, ಮೂರು ಗುಂಪು. ಮಲ ಗಟ್ಟಿಯಾಗಲು ಮೆಟ್ರೊನಿಡಜೋಲ್ ಗುಂಪಿಗೆ ಸರಾಸರಿ 4.6 ದಿನ, ಹುಸಿಮಾತ್ರೆಗೆ 4.8, ಪ್ರೋಬಯಾಟಿಕ್ ಇದ್ದ ಮಿಶ್ರಣಕ್ಕೆ 3.5. ಗುಂಪುಗಳ ನಡುವಿನ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. 2020ರದ್ದರಲ್ಲಿ 31 ನಾಯಿಗಳು. ಮೆಟ್ರೊನಿಡಜೋಲ್‌ಗೆ 2.1 ದಿನ, ಹುಸಿಮಾತ್ರೆಗೆ 3.6, ಪಿ ಮೌಲ್ಯ (ಮದ್ದಿನಿಂದ ಫಲವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.04.

ಎರಡನೆಯದನ್ನು ಮಾತ್ರ ಓದಿದವರು "ಕೆಲಸ ಮಾಡುತ್ತದೆ, ಸಾಬೀತಾಗಿದೆ" ಎನ್ನುತ್ತಾರೆ. ಸ್ವಲ್ಪ ನಿಧಾನಿಸಿ ನೋಡಿ. ವ್ಯತ್ಯಾಸ ಒಂದೂವರೆ ದಿನ. ಗುಂಪಿನಲ್ಲಿ ಸುಮಾರು 15 ನಾಯಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಅಂಕಿಗಳು ಎಷ್ಟು ಹರಡಿವೆ ಎಂಬ ಅಳತೆ) ಕ್ರಮವಾಗಿ 1.6 ಮತ್ತು 2.1 ದಿನ. ಇವುಗಳಿಂದ ಒರಟಾಗಿ 95 ಶೇಕಡಾ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) ಲೆಕ್ಕ ಹಾಕಿದರೆ ನಿಜವಾದ ಲಾಭ ಕೆಲವೇ ಗಂಟೆಗಳಿಂದ ಹಿಡಿದು ಮೂರು ದಿನದ ಹತ್ತಿರದವರೆಗೆ ಎಲ್ಲಿ ಬೇಕಾದರೂ ಇರಬಹುದು. ಪಿ ಮೌಲ್ಯ ಈ ಅಗಲವನ್ನು ತೋರಿಸುವುದಿಲ್ಲ. ಓದುವಾಗ ಮೊದಲು ವ್ಯತ್ಯಾಸದ ಗಾತ್ರ, ಆಮೇಲೆ ಇಂಟರ್ವಲ್, ಕೊನೆಗೆ ಬೇಕಿದ್ದರೆ ಪಿ ಮೌಲ್ಯ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು ತಟ್ಟೆಯಲ್ಲಿ ಏನಿದೆ? ಆರೋಗ್ಯವಂತ ನಾಯಿಗಳಿಗೆ 14 ದಿನ ಮೆಟ್ರೊನಿಡಜೋಲ್ ಕೊಟ್ಟು ನೋಡಿದ ಅಧ್ಯಯನದಲ್ಲಿ, ಔಷಧ ನಿಲ್ಲಿಸಿ ನಾಲ್ಕು ವಾರವಾದರೂ ಕರುಳಿನ ಸೂಕ್ಷ್ಮಜೀವಿಗಳು ಪೂರ್ತಿ ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ಪ್ರಮಾಣ ಹೆಚ್ಚಾದರೆ ನರಮಂಡಲಕ್ಕೆ ಪೆಟ್ಟು. ಔಷಧ ನಿರೋಧಕತೆಯ ಲೆಕ್ಕ ಬೇರೆ. ಪ್ರಾಣಿಗಳಲ್ಲಿ ಆ್ಯಂಟಿಬಯಾಟಿಕ್‌ನ ಸರಿಯಾದ ಬಳಕೆಗಾಗಿ ಇರುವ ಯುರೋಪಿನ ಎನೊವ್ಯಾಟ್ ಜಾಲ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಸೌಮ್ಯ ಮತ್ತು ಮಧ್ಯಮ ಹಂತದ ಹಠಾತ್ ಭೇದಿಯ ನಾಯಿಗಳಿಗೆ ಆ್ಯಂಟಿಬಯಾಟಿಕ್ ಬೇಡ ಎಂದು ಬಲವಾಗಿಯೇ ಹೇಳಿತು. ಬಾಲ ಅಲ್ಲಾಡಿಸುವ ನಾಯಿಗೆ ಉತ್ತರ ಅಲ್ಲಿಗೆ ಸಿಕ್ಕಿತು.

ರಕ್ತಭೇದಿಯ ನಾಯಿಯಾದರೆ? ಅದಕ್ಕೂ 2011ರ ಒಂದು ಪ್ರಯೋಗವಿದೆ. 60 ನಾಯಿಗಳಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಆಮ್ಲವನ್ನು ಹುಸಿಮದ್ದಿಗೆ ಹೋಲಿಸಿದರೆ ಸಾವಿನಲ್ಲಾಗಲಿ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಸೆಪ್ಸಿಸ್ (ಸೋಂಕಿನಿಂದ ಇಡೀ ಮೈ ಕೆಡುವ ಸ್ಥಿತಿ) ಲಕ್ಷಣವಿದ್ದ ನಾಯಿಗಳನ್ನು ಆ ಪ್ರಯೋಗಕ್ಕೆ ಸೇರಿಸಿಯೇ ಇರಲಿಲ್ಲ. ಸಾರಾಂಶ ಮಾತ್ರ ಓದಿ, ಜ್ವರದಿಂದ ಬಳಲಿ ಮಲಗಿದ, ಬಿಳಿರಕ್ತಕಣ ಕುಸಿದ ನಾಯಿಗೂ "ಪುರಾವೆಯ ಪ್ರಕಾರ ಬೇಡ" ಎಂದರೆ ಅದು ಪುರಾವೆಯ ದುರ್ಬಳಕೆ. ಲೇಖನದ ಅತ್ಯಂತ ಮುಖ್ಯ ಸಾಲು ಹಲವು ಸಲ ಯಾರನ್ನು ಹೊರಗಿಟ್ಟರು ಎಂಬ ಸಾಲೇ.

ತೂಗುವಾಗ ನೋಡಬೇಕಾದ ಇನ್ನೂ ಕೆಲವು ಸಂಗತಿಗಳು, ಪಶುವೈದ್ಯಕೀಯದಲ್ಲಿ ವಿಶೇಷವಾಗಿ ಕಾಡುವಂಥವು:

*ನೋಡುವವರ ಕಣ್ಣು.* ಪ್ರಾಣಿಗೆ ಮಾತ್ರೆಯ ಮೇಲೆ ನಂಬಿಕೆ ಇಲ್ಲದಿರಬಹುದು, ಮಾಲೀಕರಿಗೆ ಇದೆ, ವೈದ್ಯರಿಗೂ ಇದೆ. ಸಂಧಿವಾತದಿಂದ ಕುಂಟುವ 58 ನಾಯಿಗಳು, ಎಲ್ಲಕ್ಕೂ ಹುಸಿಮಾತ್ರೆ. ಕಾಲಿನ ಭಾರ ಅಳೆಯುವ ಯಂತ್ರದ ಅಂಕಿಯ ಪಕ್ಕ ಜನರ ಅಭಿಪ್ರಾಯ ಇಟ್ಟು ನೋಡಿದ 2012ರ ಅಧ್ಯಯನದಲ್ಲಿ, ಮಾಲೀಕರ ಅಂದಾಜಿನಲ್ಲಿ ಸುಮಾರು 57 ಶೇಕಡಾ ಸಲ, ವೈದ್ಯರ ಅಂದಾಜಿನಲ್ಲಿ 40ರಿಂದ 45 ಶೇಕಡಾ ಸಲ ಇಲ್ಲದ ಸುಧಾರಣೆ ಕಾಣಿಸಿಕೊಂಡಿತು. ಹಾಗಾಗಿ ನೋವು, ಕುಂಟು, ತುರಿಕೆ, ಹಸಿವು ಇಂಥ ಫಲಗಳನ್ನು ಅಳೆದ ಅಧ್ಯಯನದಲ್ಲಿ ಅಂಕ ಹಾಕಿದವರಿಗೆ ಯಾವ ಪ್ರಾಣಿಗೆ ಏನು ಸಿಕ್ಕಿತೆಂದು ಗೊತ್ತಿತ್ತೇ ಎಂಬುದನ್ನು ಮೊದಲು ಹುಡುಕಿ. ಗೊತ್ತಿದ್ದರೆ ಫಲಿತಾಂಶಕ್ಕೆ ಅರ್ಧ ಬೆಲೆ. ದೀರ್ಘಕಾಲದ ಕಾಯಿಲೆಯ ಪ್ರಾಣಿಯನ್ನು ಜನ ಕರೆತರುವುದೇ ಅದು ತೀರ ಕೆಟ್ಟ ದಿನದಲ್ಲಿ. ಏನೂ ಮಾಡದಿದ್ದರೂ ಮುಂದಿನ ವಾರ ತುಸು ವಾಸಿ ಇರುತ್ತದೆ. ಹೋಲಿಕೆಯ ಗುಂಪಿಲ್ಲದ ಅಧ್ಯಯನ ಈ ಏರಿಳಿತವನ್ನೆಲ್ಲ ಮದ್ದಿನ ಖಾತೆಗೆ ಬರೆದುಕೊಳ್ಳುತ್ತದೆ.

*ದಯಾಮರಣ.* ಮನುಷ್ಯರ ವೈದ್ಯಕೀಯ ಓದಿ ಬಂದವರಿಗೆ ಇದು ಹೊಳೆಯುವುದೇ ಇಲ್ಲ. ನಮ್ಮ ಬದುಕುಳಿಯುವಿಕೆಯ ಅಂಕಿಗಳಲ್ಲಿ ಬಹುಪಾಲು ಸಾವು ಕಾಯಿಲೆಯಿಂದ ಬಂದದ್ದಲ್ಲ, ತೀರ್ಮಾನದಿಂದ ಬಂದದ್ದು. ಆ ತೀರ್ಮಾನದಲ್ಲಿ ಖರ್ಚು, ಮನೆಯ ಪರಿಸ್ಥಿತಿ, ವೈದ್ಯರ ಬಾಯಿಂದ ಬಂದ ಒಂದು ಮಾತು ಎಲ್ಲವೂ ಸೇರಿರುತ್ತವೆ. "ಈ ಅಂಕಿ ದಾಟಿದರೆ ಬದುಕುವುದಿಲ್ಲ" ಎಂದು ನಂಬಿ ದಯಾಮರಣ ಕೊಟ್ಟರೆ ಆ ನಾಯಿ ಮುಂದಿನ ಅಧ್ಯಯನದಲ್ಲಿ ಅದೇ ಅಂಕಿಗೆ ಸಾಕ್ಷಿಯಾಗುತ್ತದೆ! ಹೊಟ್ಟೆ ಉಬ್ಬಿ ತಿರುಚಿಕೊಂಡ ನಾಯಿಗಳಲ್ಲಿ ರಕ್ತದ ಲ್ಯಾಕ್ಟೇಟ್ (ಅಂಗಾಂಶಕ್ಕೆ ಆಮ್ಲಜನಕ ಸಾಲದಾಗ ಏರುವ ವಸ್ತು) ಲೀಟರಿಗೆ 6.0 ಮಿಲಿಮೋಲ್ ಎಂಬ ಗೆರೆ ಪ್ರಸಿದ್ಧ. ಅದನ್ನು ಹಾಕಿದ 1999ರ ಅಧ್ಯಯನವನ್ನೇ ತೆರೆದು ನೋಡಿ: ಗೆರೆಯ ಕೆಳಗಿದ್ದವುಗಳಲ್ಲಿ 99 ಶೇಕಡಾ ಬದುಕಿದವು, ಮೇಲಿದ್ದವುಗಳಲ್ಲಿ 58 ಶೇಕಡಾ. ಅಂದರೆ ಗೆರೆ ದಾಟಿದವುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಬದುಕಿವೆ. ಮುಂದಿನ ಅಧ್ಯಯನಗಳು ಮೊದಲ ಅಂಕಿಗಿಂತ, ದ್ರವ ಕೊಟ್ಟ ಮೇಲೆ ಲ್ಯಾಕ್ಟೇಟ್ ಎಷ್ಟು ಇಳಿಯಿತು ಎಂಬುದಕ್ಕೆ ಹೆಚ್ಚು ಬೆಲೆ ಕೊಟ್ಟವು. ಒಂದೇ ಒಂದು ಅಂಕಿ ಹಿಡಿದು "ಆಸೆ ಬಿಡಿ" ಎನ್ನಲು ಇದು ಸಾಲದು.

*ಮಂದೆಯ ಲೆಕ್ಕ.* 200 ಕರುಗಳ ಪ್ರಯೋಗ ಎಂದು ಓದಿದಾಗ ಭಾರಿ ಅನ್ನಿಸುತ್ತದೆ. ಆದರೆ ಒಂದೇ ಅಂಕಣದ ಕರುಗಳು ಒಂದೇ ಗಾಳಿ, ಒಂದೇ ನೀರು, ಒಂದೇ ಸೋಂಕು ಹಂಚಿಕೊಳ್ಳುತ್ತವೆ. ಐದು ಅಂಕಣ, ಒಂದೊಂದರಲ್ಲಿ 40 ಕರು, ಒಳಗಿನ ಹೋಲಿಕೆಯ ಗುಣಾಂಕ (ಒಂದೇ ಅಂಕಣದ ಕರುಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಎಂಬ ಅಳತೆ) 0.1 ಎಂದುಕೊಳ್ಳಿ. ಸೂತ್ರ ಸರಳ: ಗುಂಪಿನ ಗಾತ್ರದಿಂದ ಒಂದು ಕಳೆದು, ಗುಣಾಂಕದಿಂದ ಗುಣಿಸಿ, ಒಂದು ಕೂಡಿ. 39 ಗುಣಿಸು 0.1, ಕೂಡಿಸು 1, ಒಟ್ಟು 4.9. ಇನ್ನೂರನ್ನು ಇದರಿಂದ ಭಾಗಿಸಿದರೆ ಉಳಿಯುವುದು ಸುಮಾರು 41 ಕರುವಿನಷ್ಟು ಮಾಹಿತಿ. ಅಂಕಣ ಅಂಕಣವಾಗಿ ಮದ್ದು ಕೊಟ್ಟು ಕರು ಕರುವಾಗಿ ಲೆಕ್ಕ ಹಾಕಿದ್ದರೆ ಅಲ್ಲಿನ ಪಿ ಮೌಲ್ಯವನ್ನು ನಂಬಬೇಡಿ.

*"ಅರ್ಧಕ್ಕೆ ಇಳಿಸುತ್ತದೆ" ಎಂಬ ಮಾತು.* ಶಸ್ತ್ರಚಿಕಿತ್ಸೆಯ ಗಾಯದ ಸೋಂಕು 4 ಶೇಕಡಾದಿಂದ 2ಕ್ಕೆ ಇಳಿಯಿತು ಎಂದುಕೊಳ್ಳಿ. ಅರ್ಧವೇ ಸರಿ. ಆದರೆ ನಿಜವಾದ ಇಳಿಕೆ ನೂರಕ್ಕೆ ಎರಡು. ಒಂದು ಸೋಂಕು ತಪ್ಪಿಸಲು 50 ಪ್ರಾಣಿಗಳಿಗೆ ಔಷಧ ಕೊಡಬೇಕು, ಅವುಗಳಲ್ಲಿ 49ಕ್ಕೆ ಸಿಗುವುದು ಅಡ್ಡಪರಿಣಾಮದ ಸಾಧ್ಯತೆ ಮಾತ್ರ. ಜಾಹೀರಾತಿನಲ್ಲಿ ಮೊದಲ ಅಂಕಿ ಇರುತ್ತದೆ, ಎರಡನೆಯದನ್ನು ನೀವೇ ಲೆಕ್ಕ ಹಾಕಿಕೊಳ್ಳಬೇಕು.

ಹಣ ಕೊಟ್ಟವರು ಯಾರು ಎಂದು ನೋಡಲೇಬೇಕು, ಆದರೆ ಕಂಪನಿಯ ಹಣ ಎಂದ ಕೂಡಲೇ ಲೇಖನ ಮಡಿಸಿಡುವುದೂ ಸರಿಯಲ್ಲ. ನಾಯಿಗಳ ಹೃದಯದ ಔಷಧ ಪಿಮೊಬೆಂಡಾನ್ ಕುರಿತ 2016ರ ಎಪಿಕ್ ಪ್ರಯೋಗಕ್ಕೆ ಹಣ ಹೂಡಿದ್ದು ಅದರ ತಯಾರಕರೇ. ಆದರೂ 360 ನಾಯಿಗಳು, ಹಲವು ದೇಶಗಳ ಕೇಂದ್ರಗಳು, ಚೀಟಿ ಎತ್ತಿದಂತೆ ಹಂಚಿಕೆ, ಹುಸಿಮಾತ್ರೆ, ಯಾರಿಗೆ ಏನು ಸಿಕ್ಕಿತೆಂದು ಗೊತ್ತಿಲ್ಲದ ವೈದ್ಯರು, ಕಟ್ಟುವಿಕೆ ಗಟ್ಟಿಯಾಗಿದೆ. ಹೃದಯ ವೈಫಲ್ಯ, ಇಲ್ಲವೇ ಹೃದಯ ಸಂಬಂಧಿ ಸಾವು ಅಥವಾ ದಯಾಮರಣದವರೆಗಿನ ಮಧ್ಯಮಾಂಕ ಅವಧಿ ಔಷಧದ ಗುಂಪಿಗೆ 1228 ದಿನ, ಹುಸಿಮಾತ್ರೆಗೆ 766 ದಿನ. ಸುಮಾರು 15 ತಿಂಗಳ ಅಂತರ. ಆದರೆ ಪ್ರಯೋಗದಲ್ಲಿದ್ದದ್ದು ಎಂಥ ನಾಯಿ? ಮೂರನೇ ದರ್ಜೆ ಅಥವಾ ಅದಕ್ಕಿಂತ ಜೋರಾದ ಮರ್ಮರ (ಹೃದಯದ ಅಸಹಜ ಸದ್ದು), ಎಡ ಹೃತ್ಕರ್ಣ ಮತ್ತು ಮಹಾಪಧಮನಿಯ ಅನುಪಾತ 1.6 ಅಥವಾ ಹೆಚ್ಚು, ತೂಕಕ್ಕೆ ಹೊಂದಿಸಿದ ಎಡ ಹೃತ್ಕುಕ್ಷಿಯ ಅಳತೆ 1.7 ಅಥವಾ ಹೆಚ್ಚು, ಎಕ್ಸ್-ರೇಯಲ್ಲಿ ಕಶೇರು ಮಾಪನದ ಹೃದಯ ಗಾತ್ರ 10.5ಕ್ಕಿಂತ ಹೆಚ್ಚು. ಸ್ಟೆತಸ್ಕೋಪಿನಲ್ಲಿ ಮರ್ಮರ ಕೇಳಿದೆ, ಹೃದಯ ಹಿಗ್ಗಿಲ್ಲ ಎಂಬ ನಾಯಿಗೆ ಈ 15 ತಿಂಗಳ ಭರವಸೆ ಕೊಡಲು ಬರುವುದಿಲ್ಲ.

ಪರೀಕ್ಷೆಯ ಫಲಿತಾಂಶವೂ ಪುರಾವೆಯೇ

ಕಿಟ್‌ನ ಡಬ್ಬಿಯ ಮೇಲೆ ಸೆನ್ಸಿಟಿವಿಟಿ 90 (ಕಾಯಿಲೆಯಿರುವ ನೂರರಲ್ಲಿ 90ನ್ನು ಹಿಡಿಯುತ್ತದೆ), ಸ್ಪೆಸಿಫಿಸಿಟಿ 95 (ಕಾಯಿಲೆಯಿಲ್ಲದ ನೂರರಲ್ಲಿ 95ಕ್ಕೆ ನೆಗೆಟಿವ್ ಎನ್ನುತ್ತದೆ) ಎಂದಿದೆ ಎಂದುಕೊಳ್ಳಿ. ಕಾಯಿಲೆ ನೂರರಲ್ಲಿ ಒಂದಕ್ಕೆ ಮಾತ್ರ ಇರುವ ಆರೋಗ್ಯವಂತ ಬೆಕ್ಕುಗಳು, ಒಟ್ಟು ಸಾವಿರ. ಕಾಯಿಲೆಯಿರುವ 10ರಲ್ಲಿ 9ಕ್ಕೆ ಪಾಸಿಟಿವ್. ಇಲ್ಲದ 990ರಲ್ಲಿ ಸುಮಾರು 50ಕ್ಕೆ ಸುಳ್ಳು ಪಾಸಿಟಿವ್. ಅಂದರೆ 59 ಪಾಸಿಟಿವ್‌ಗಳಲ್ಲಿ ನಿಜವಾದದ್ದು 9, ನೂರಕ್ಕೆ 15. ಅದೇ ಕಿಟ್ ಅನ್ನು ಲಕ್ಷಣಗಳಿರುವ, ನೂರರಲ್ಲಿ 40ಕ್ಕೆ ಕಾಯಿಲೆಯಿರಬಹುದಾದ ಗುಂಪಿನಲ್ಲಿ ಬಳಸಿ: 360 ನಿಜ, 30 ಸುಳ್ಳು, ಪಾಸಿಟಿವ್ ಬಂದರೆ ನೂರಕ್ಕೆ 92 ನಿಜ. ಕಿಟ್ ಒಂದೇ, ಅದರ ಮಾತಿನ ಬೆಲೆ ಬೇರೆ.

ಮನೆಯೊಳಗೇ ಇರುವ ಆರೋಗ್ಯವಂತ ಬೆಕ್ಕಿಗೆ ಫೆಲೈನ್ ಲ್ಯೂಕೀಮಿಯಾ ವೈರಸ್ ಪಾಸಿಟಿವ್ ಬಂದರೆ ಇನ್ನೊಂದು ವಿಧಾನದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎನ್ನುವುದು ಇದಕ್ಕೇ. ಕ್ರಮ ಹೀಗಿರಲಿ: ಪರೀಕ್ಷೆಗೆ ಮೊದಲೇ, ವಯಸ್ಸು, ಲಕ್ಷಣ, ಇತಿಹಾಸ ನೋಡಿ ಕಾಯಿಲೆಯ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಒಂದು ಅಂದಾಜನ್ನು ಬರೆಯಿರಿ. ಫಲಿತಾಂಶ ಪಾಸಿಟಿವ್ ಬಂದರೆ ಏನು ಮಾಡುತ್ತೀರಿ, ನೆಗೆಟಿವ್ ಬಂದರೆ ಏನು ಮಾಡುತ್ತೀರಿ ಎಂದೂ ಬರೆಯಿರಿ. ಎರಡಕ್ಕೂ ಉತ್ತರ ಒಂದೇ ಆದರೆ ಆ ಪರೀಕ್ಷೆಯೇ ಬೇಡ.

ಹೆಜ್ಜೆ 4: ಎದುರಿನ ಪ್ರಾಣಿಗೆ ಅನ್ವಯಿಸುವುದು

ಮೊದಲು ಕೇಳಿಕೊಳ್ಳಿ: ಅಧ್ಯಯನದ ಪ್ರಾಣಿಗೂ ಈ ಪ್ರಾಣಿಗೂ ಇರುವ ವ್ಯತ್ಯಾಸ ಫಲವನ್ನು ಬದಲಿಸುವಂಥದೇ? ತಳಿ ಬೇರೆ ಎಂಬ ಒಂದೇ ಕಾರಣಕ್ಕೆ ಪುರಾವೆಯನ್ನು ತಳ್ಳಿಹಾಕಬೇಕಿಲ್ಲ. ಜಾತಿ ಬೇರೆಯಾದರೆ ಎಚ್ಚರ ಹತ್ತು ಪಟ್ಟು ಇರಲಿ. ಬೆಕ್ಕಿನ ಪಿತ್ತಜನಕಾಂಗದಲ್ಲಿ ಔಷಧವನ್ನು ಹೊರಹಾಕಲು ಅದಕ್ಕೆ ಗ್ಲುಕುರೊನೈಡ್ ಜೋಡಿಸುವ ಶಕ್ತಿ ಕಡಿಮೆ. ಮನುಷ್ಯರಿಗೆ ಸಾಮಾನ್ಯವಾದ ಪ್ಯಾರಾಸಿಟಮಾಲ್ ಅದಕ್ಕೆ ಪ್ರಾಣಾಂತಕ. ನಾಯಿಗಳ ಮೈಮೇಲೆ ಹಾಕುವ ಕೀಟನಾಶಕ ಪರ್ಮೆತ್ರಿನ್ ಬೆಕ್ಕಿಗೆ ವಿಷ. ಬೆಕ್ಕನ್ನು ಚಿಕ್ಕ ನಾಯಿ ಎಂದು ಲೆಕ್ಕ ಹಾಕಿದ್ದರಿಂದ ಆದ ಹಾನಿಗಳ ಪಟ್ಟಿ ಉದ್ದವಿದೆ. ಹಾಲು, ಮಾಂಸ, ಮೊಟ್ಟೆ ಕೊಡುವ ಪ್ರಾಣಿಯಾದರೆ ಔಷಧದ ಶೇಷ ಉಳಿಯುವ ಅವಧಿಯನ್ನೂ ತಕ್ಕಡಿಗೆ ಹಾಕಬೇಕು.

ಆಮೇಲೆ ಪುರಾವೆಯ ಬಲವನ್ನು ನಿರ್ಧಾರದ ಅಪಾಯಕ್ಕೆ ಹೊಂದಿಸಿ. ಅಗ್ಗದ, ನಿರಪಾಯದ, ಬೇಕೆಂದಾಗ ನಿಲ್ಲಿಸಬಹುದಾದ ಕ್ರಮಕ್ಕೆ ದುರ್ಬಲ ಪುರಾವೆಯೂ ನಡೆದೀತು, ಉದಾಹರಣೆಗೆ ಭೇದಿಯ ನಾಯಿಗೆ ಕೆಲ ದಿನ ಸುಲಭವಾಗಿ ಜೀರ್ಣವಾಗುವ ಆಹಾರ. ಹಿಂದಿರುಗಿಸಲಾಗದ ಶಸ್ತ್ರಚಿಕಿತ್ಸೆ, ವಿಷತ್ವ ಹೆಚ್ಚಿರುವ ಔಷಧ, ದಯಾಮರಣ — ಇವಕ್ಕೆ ಗಟ್ಟಿ ಪುರಾವೆ ಕೇಳಿ. ತುರ್ತು ಸ್ಥಿತಿಯಲ್ಲಿ ಲೇಖನ ಹುಡುಕುತ್ತ ಕೂರಲಾಗದು. ಆ ಹುಡುಕಾಟ ಮುಂಚೆಯೇ ಮುಗಿದು ಗೋಡೆಯ ಮೇಲಿನ ಕ್ರಮಪಟ್ಟಿಯಾಗಿ ನೇತಾಡುತ್ತಿರಬೇಕು.

ಪುರಾವೆ ಸಿಗದಿದ್ದರೆ? ಪಶುವೈದ್ಯಕೀಯದಲ್ಲಿ ಇದು ದಿನನಿತ್ಯದ ಮಾತು. ಆಗ ಶರೀರಕ್ರಿಯೆಯ ತರ್ಕ, ಹತ್ತಿರದ ಜಾತಿಯ ಮಾಹಿತಿ, ಅನುಭವ ಇವನ್ನೇ ಬಳಸಬೇಕು, ಬಳಸುತ್ತಿದ್ದೇವೆ ಎಂದು ಒಪ್ಪಿಕೊಂಡು. ಅನುಭವಕ್ಕೂ ಒಂದು ಅಳತೆಗೋಲಿದೆ. "30 ಪ್ರಾಣಿಗೆ ಕೊಟ್ಟಿದ್ದೇನೆ, ಒಂದಕ್ಕೂ ಏನೂ ಆಗಿಲ್ಲ" ಎಂದರೆ 3ನ್ನು ಆ ಸಂಖ್ಯೆಯಿಂದ ಭಾಗಿಸಿ. 3 ಭಾಗಿಸು 30, ಅಂದರೆ ಹತ್ತರಲ್ಲಿ ಒಂದು ಪ್ರಾಣಿಗೆ ತೊಂದರೆಯಾಗುವ ಔಷಧವೂ 30ರಲ್ಲಿ ಸುಮ್ಮನಿದ್ದಿರಬಹುದು. ಸಾವಿರಕ್ಕೆ ಒಂದು ಅಡ್ಡಪರಿಣಾಮ ಒಬ್ಬ ವೈದ್ಯರ ವೃತ್ತಿಜೀವನವಿಡೀ ಕಾಣದೇ ಹೋದರೂ ಆಶ್ಚರ್ಯವಿಲ್ಲ.

ಕೊನೆಯ ಮಾತು ಮಾಲೀಕರದು. ಬೆಕ್ಕಿಗೆ ದಿನಕ್ಕೆ ಮೂರು ಸಲ ಮಾತ್ರೆ ನುಂಗಿಸಲಾಗದ ಮನೆಯಲ್ಲಿ ಅತ್ಯುತ್ತಮ ಪುರಾವೆಯ ಮಾತ್ರೆಯೂ ಡಬ್ಬಿಯಲ್ಲೇ ಉಳಿಯುತ್ತದೆ. ಅಂಕಿಗಳನ್ನು ಶೇಕಡಾದಲ್ಲಿ ಹೇಳುವುದಕ್ಕಿಂತ ತಲೆ ಎಣಿಸಿ ಹೇಳಿ. ಹೊಟ್ಟೆ ತಿರುಚಿಕೊಂಡು ಲ್ಯಾಕ್ಟೇಟ್ ಗೆರೆ ದಾಟಿದ ನಾಯಿಯ ಮಾಲೀಕರಿಗೆ ಹೀಗೆ: "ಇಂಥ ಹತ್ತು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಸುಮಾರು ಆರು ಬದುಕುತ್ತವೆ, ನಾಲ್ಕು ಬದುಕುವುದಿಲ್ಲ. ನಿಮ್ಮದು ಯಾವ ಗುಂಪಿಗೆ ಸೇರುತ್ತದೆ ಎಂದು ಈಗಲೇ ಹೇಳಲು ಬರುವುದಿಲ್ಲ. ಎರಡು ಗಂಟೆ ದ್ರವ ಕೊಟ್ಟು ನೋಡಿದರೆ ಇನ್ನೂ ಸ್ವಲ್ಪ ಗೊತ್ತಾಗುತ್ತದೆ." ಆ್ಯಂಟಿಬಯಾಟಿಕ್ ಬೇಡ ಎನ್ನುವಾಗ "ಏನೂ ಬೇಡ" ಎಂದು ಕಳಿಸಬೇಡಿ. ಯಾವ ಆಹಾರ, ಎಷ್ಟು ನೀರು, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎಂದು ಬರೆದು ಕೊಡಿ: ಪದೇ ಪದೇ ವಾಂತಿ, ಮಂಕುತನ, ಮಲದಲ್ಲಿ ರಕ್ತ ಹೆಚ್ಚಾಗುವುದು, ನೀರು ಕುಡಿಯದಿರುವುದು. ಮಾತ್ರೆ ಇಲ್ಲದ ಚೀಟಿಯೂ ತುಂಬಿರಬೇಕು, ಇಲ್ಲವಾದರೆ ಸಂಜೆಗೇ ಬೇರೆ ಕಡೆ ಹೋಗಿ ಮಾತ್ರೆ ತರುತ್ತಾರೆ.

ಹೆಜ್ಜೆ 5: ಲೆಕ್ಕ ಇಡುವುದು

ಬದಲಾವಣೆ ಮಾಡಿದ ಮೇಲೆ ಅದು ನಡೆಯಿತೇ, ಏನಾಯಿತು ಎಂದು ಅಳೆಯುವುದಕ್ಕೆ ಕ್ಲಿನಿಕಲ್ ಆಡಿಟ್ ಎನ್ನುತ್ತಾರೆ. ದೊಡ್ಡ ತಂತ್ರಾಂಶ ಬೇಡ. ಒಂದೇ ವಿಷಯ ಆರಿಸಿ, ಉದಾಹರಣೆಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರದ ಗಾಯದ ತೊಂದರೆ. "ತೊಂದರೆ" ಎಂದರೆ ಏನು ಎಂದು ಮೊದಲೇ ಬರೆಯಿರಿ: ಹತ್ತು ದಿನದೊಳಗೆ ಔಷಧ ಅಥವಾ ಮರುಹೊಲಿಗೆ ಬೇಕಾದ ಯಾವುದೇ ಗಾಯ. ಆಮೇಲೆ ಸಾಲಾಗಿ ಬಂದ 50 ಪ್ರಕರಣಗಳ ಕಡತ ತೆಗೆಯಿರಿ. ಸಾಲಾಗಿ ಎಂಬುದು ಮುಖ್ಯ. ನೆನಪಿಗೆ ಬಂದದ್ದನ್ನು ಆರಿಸಿದರೆ ಒಂದೋ ತೀರ ಒಳ್ಳೆಯವು ಬರುತ್ತವೆ, ಇಲ್ಲವೇ ತೀರ ಕೆಟ್ಟವು. ಮರಳಿ ಬಾರದ ಪ್ರಾಣಿಗಳನ್ನು "ಚೆನ್ನಾಗಿದೆ" ಎಂದು ಎಣಿಸಬೇಡಿ, ಫೋನ್ ಮಾಡಿ ಕೇಳಿ. ಸಿಗದವುಗಳನ್ನು "ತಿಳಿಯದು" ಎಂದೇ ಬೇರೆ ಕಾಲಂನಲ್ಲಿ ಇಡಿ.

ಆಡಿಟ್ ಕೆಡುವುದು ಹೆಚ್ಚಾಗಿ ಅದು ತಪ್ಪಿತಸ್ಥರನ್ನು ಹುಡುಕುವ ಕೆಲಸವಾದಾಗ. ಹೆಸರು ಬರೆದರೆ ಮುಂದಿನ ತಿಂಗಳಿಂದ ಕಡತದಲ್ಲಿ ಗಾಯಗಳೇ ಕಾಣಿಸುವುದಿಲ್ಲ! ಐವತ್ತರಲ್ಲಿ ಎರಡು ಇದ್ದದ್ದು ಮುಂದಿನ ಐವತ್ತರಲ್ಲಿ ನಾಲ್ಕಾದರೆ ಗಾಬರಿ ಬೇಡ, ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಅದು ಆಕಸ್ಮಿಕವೂ ಇರಬಹುದು. ಮೂರ್ನಾಲ್ಕು ಸುತ್ತು ಒಂದೇ ದಿಕ್ಕಿಗೆ ಹೋದರೆ ಹುಡುಕಿ.

ಹೀಗೆ ಒಂದು ಪ್ರಶ್ನೆಗೆ ಸಿಕ್ಕ ಉತ್ತರವನ್ನು ಒಂದೇ ಪುಟದಲ್ಲಿ ಇಳಿಸಿ: ಮೇಲೆ ಪಿಕೊ ಪ್ರಶ್ನೆ, ನಡುವೆ ಸಿಕ್ಕ ಅಧ್ಯಯನಗಳು ಮತ್ತು ಒಂದೊಂದರ ದೊಡ್ಡ ದೋಷ, ಕೆಳಗೆ ಎರಡು ಸಾಲಿನಲ್ಲಿ ನಮ್ಮ ಕ್ಲಿನಿಕ್ ಏನು ಮಾಡುತ್ತದೆ, ಯಾವ ಪ್ರಾಣಿಗೆ ಇದು ಅನ್ವಯಿಸುವುದಿಲ್ಲ. ಬಲ ಮೂಲೆಯಲ್ಲಿ ಹುಡುಕಿದ ದಿನಾಂಕ, ಅದರ ಕೆಳಗೆ ಮತ್ತೆ ಹುಡುಕಬೇಕಾದ ದಿನಾಂಕ. ಎರಡು ವರ್ಷ ಸಾಕು. ಬೇಗ ಬೆಳೆಯುತ್ತಿರುವ ವಿಷಯಕ್ಕೆ ಒಂದೇ ವರ್ಷ. ಔಷಧದ ಬಾಟಲಿಯ ಅವಧಿ ಮುಗಿದರೆ ಎಸೆಯುತ್ತೇವಲ್ಲ, ಆ ದಿನಾಂಕ ದಾಟಿದ ಪುಟವನ್ನೂ ಗೋಡೆಯಿಂದ ಇಳಿಸಿ, ಹೊಸದಾಗಿ ಹುಡುಕಿದ ಮೇಲಷ್ಟೇ ಮತ್ತೆ ಅಂಟಿಸಿ.